ನಾನು ಓದದೆ ಬಿಟ್ಟ ಪದ

ಮೂರು ವರ್ಷದ ಹಿಂದಿನ ಮಾತು. ರಾತ್ರಿ ಊಟ ಮುಗಿದು ತಟ್ಟೆ ಎತ್ತುವ ಹೊತ್ತಿಗೆ ಫೋನಿಗೆ ಒಂದು ಎಸ್ಸೆಮ್ಮೆಸ್ ಬಂತು. ಅಮ್ಮನ ವರದಿ ಸಿದ್ಧವಾಗಿದೆ, ಲಿಂಕ್ ಒತ್ತಿ ನೋಡಬಹುದು ಎಂದಿತ್ತು. ಆಸ್ಪತ್ರೆಯಲ್ಲಿ ನೋಂದಣಿ ಮಾಡಿಸುವಾಗ ಅಮ್ಮನ ಹೆಸರು, ಅಮ್ಮನ ವಯಸ್ಸು, ಅಮ್ಮನ ವಿಳಾಸ ಬರೆಸಿ, ಮೊಬೈಲ್ ಸಂಖ್ಯೆ ಕೇಳಿದಾಗ ಮಾತ್ರ ನನ್ನದನ್ನು ಕೊಟ್ಟಿದ್ದೆ. ಅಮ್ಮನ ಬಳಿ ಇರುವುದು ಬಟನ್ ಫೋನು. ನನ್ನದು ಕೊಡುವುದರಲ್ಲಿ ಯೋಚಿಸುವಂಥದ್ದೇನೂ ಇದೆ ಅಂತ ಆಗ ಅನಿಸಿರಲಿಲ್ಲ.

ಅಮ್ಮ ಹಾಲಿನಲ್ಲಿ ಕೂತು ಮರುದಿನದ ಸಾರಿಗೆ ಅವರೆಕಾಯಿ ಸುಲಿಯುತ್ತಿದ್ದಳು. "ಯಾರ್ದೋ ಮೆಸೇಜು?" ಎಂದಳು. ನಿನ್ನ ರಿಪೋರ್ಟು ಎಂದೆ. "ಏನ್ ಬರ್ದಿದಾರೆ, ಓದು."

ಅಮ್ಮ ಓದು ಬಾರದವಳಲ್ಲ. ಏಳನೇ ತರಗತಿವರೆಗೆ ಓದಿದ್ದಾಳೆ, ಮನೆಗೆ ಬರುವ ವಾರಪತ್ರಿಕೆಯನ್ನು ಜಾಹೀರಾತೂ ಬಿಡದೆ ಮುಗಿಸುತ್ತಾಳೆ. ವರದಿ ಇಂಗ್ಲಿಷಿನಲ್ಲಿತ್ತು, ಅಷ್ಟೆ. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಎರಡನೇ ಸಾಲಿನಲ್ಲಿ 'ಕಾರ್ಸಿನೋಮ' ಎಂಬ ಪದವಿತ್ತು. ಆಮೇಲೆ ಗಟ್ಟಿಯಾಗಿ ಹೇಳಿದೆ: "ಎದೆಯಲ್ಲಿ ಗಡ್ಡೆ ಇದೆ ಅಂತ ಬರೆದಿದ್ದಾರೆ. ಎರಡೂವರೆ ಸೆಂಟಿಮೀಟರ್. ತೆಗೆದರೆ ಸರಿ ಹೋಗುತ್ತಂತೆ." ಕೊನೆಯ ವಾಕ್ಯ ವರದಿಯಲ್ಲಿ ಇರಲಿಲ್ಲ.

ಅದೇ ಲಿಂಕಿನಲ್ಲಿ ಇನ್ನೊಂದು ಕಡತವೂ ಇತ್ತು, ವೈದ್ಯರು ಮೊದಲ ದಿನ ಅಮ್ಮನನ್ನು ಒಳಗೆ ಕೂರಿಸಿಕೊಂಡು ಕೇಳಿ ಬರೆದುಕೊಂಡ ಟಿಪ್ಪಣಿ. ಆಗ ನಾನು ಹೊರಗಿನ ಬೆಂಚಿನ ಮೇಲಿದ್ದೆ. ಟಿಪ್ಪಣಿಯಲ್ಲಿ 'ಜಿ3 ಪಿ2 ಎಲ್2 ಎ1' ಎಂದಿತ್ತು. ಏನೆಂದು ತಿಳಿಯದೆ ಹುಡುಕಿದೆ. ಮೂರು ಸಲ ಬಸಿರು, ಎರಡು ಹೆರಿಗೆ, ಬದುಕಿರುವ ಮಕ್ಕಳು ಎರಡು, ಒಂದು ಗರ್ಭ ಹೋಗಿದೆ. ತಾನಾಗಿ ಹೋದದ್ದೋ ತೆಗೆಸಿದ್ದೋ, ಆ 'ಎ' ಎಂಬ ಅಕ್ಷರ ಎರಡಕ್ಕೂ ಒಂದೇ. ನಾನು ಮತ್ತು ತಂಗಿ, ಇಬ್ಬರೇ ಎಂದುಕೊಂಡು ನಲವತ್ತು ವರ್ಷ ಕಳೆದಿದ್ದೆ.

ಹೀಗೆ ಐದು ನಿಮಿಷದಲ್ಲಿ ಎರಡು ಕೆಲಸ ಮಾಡಿದ್ದೆ. ಅವಳಿಗೆ ಸೇರಿದ ಒಂದು ಪದವನ್ನು ಅವಳಿಗೆ ಓದದೆ ಬಿಟ್ಟಿದ್ದೆ, ನನಗೆ ಸೇರದ ಒಂದು ಅಕ್ಷರವನ್ನು ಓದಿದ್ದೆ. ರೋಗಿಯ ದಾಖಲೆ ರೋಗಿಗೆ ಸಿಗಬೇಕೇ ಎಂಬ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಈ ಐದು ನಿಮಿಷ ನೆನಪಾಗುತ್ತದೆ. ಸಿಗಬೇಕು ಎಂದು ಹೇಳುವುದು ಸುಲಭ. ಅಂದು ದಾಖಲೆ ಸಿಕ್ಕಿತ್ತು. ಸಿಕ್ಕಿದ್ದು ಯಾರಿಗೆ?

*

ನಮ್ಮಲ್ಲಿ ಈ ಪ್ರಶ್ನೆಗೆ ಒಂದು ವಿಚಿತ್ರ ಹಿನ್ನೆಲೆಯಿದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ರೋಗಿಯ ಫೈಲು ಆಸ್ಪತ್ರೆಯ ಬೀರುವಿನಲ್ಲಿರುತ್ತಿತ್ತು. ಅದನ್ನು ಹೊರಗೆ ತರಲು ಅಲ್ಲಿ ಕಾನೂನೇ ಬೇಕಾಯಿತು. ನಮ್ಮ ಕಾಗದಗಳು ಮೊದಲಿನಿಂದಲೂ ನಮ್ಮ ಕೈಯಲ್ಲೇ ಇವೆ. ಯಾವುದೇ ಸರ್ಕಾರಿ ಆಸ್ಪತ್ರೆಯ ಮುಂದೆ ಬೆಳಿಗ್ಗೆ ಎಂಟಕ್ಕೆ ನಿಂತು ನೋಡಿ: ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಹತ್ತು ವರ್ಷದ ಚೀಟಿಗಳು, ಸುರುಳಿ ಸುತ್ತಿದ ಎಕ್ಸ್‌ರೇ, ಮಡಿಸಿದ ಜಾಗದಲ್ಲಿ ಹರಿದ ರಕ್ತ ಪರೀಕ್ಷೆಯ ಹಾಳೆ. ಕರ್ನಾಟಕದ ಬಸುರಿ ಹೆಂಗಸರು 'ತಾಯಿ ಕಾರ್ಡ್' ಹಿಡಿದುಕೊಂಡೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆ. ತೂಕ, ರಕ್ತದ ಪ್ರಮಾಣ, ಚುಚ್ಚುಮದ್ದು ಎಲ್ಲವೂ ಅದರಲ್ಲಿ ಬರೆದಿರುತ್ತದೆ, ಹೆರಿಗೆಗೆ ಹೋಗುವಾಗ ಕಾರ್ಡು ಅವಳ ಜೊತೆಗೇ ಹೋಗುತ್ತದೆ.

ಒಳರೋಗಿಯಾಗಿ ದಾಖಲಾದವರ ಪೂರ್ತಿ ಫೈಲು ಮಾತ್ರ ಆಸ್ಪತ್ರೆಯದು. ಅದಕ್ಕೂ ನಿಯಮವಿದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ಆ ದಾಖಲೆಗಳನ್ನು ಮೂರು ವರ್ಷ ಕಾಯ್ದಿಡಬೇಕು, ರೋಗಿ ಕೇಳಿದರೆ 72 ಗಂಟೆಗಳ ಒಳಗೆ ಕೊಡಬೇಕು. ಕೇಳಬಹುದೆಂದು ಗೊತ್ತಿರುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಅಂದರೆ ನಮ್ಮ ಸಮಸ್ಯೆ ಕಾಗದ ಕೈಗೆ ಬಾರದಿರುವುದಲ್ಲ. ಕಾಗದ ಕೈಯಲ್ಲಿದ್ದೂ ಅದರೊಳಗಿನ ಮಾತು ನಮ್ಮದಾಗದಿರುವುದು. ವೈದ್ಯರ ಅಕ್ಷರ ಔಷಧಿ ಅಂಗಡಿಯವನಿಗೆ ಮಾತ್ರ ಅರ್ಥವಾಗುತ್ತದೆ ಎಂದು ನಾವೆಲ್ಲ ನಗುತ್ತೇವೆ. ಆ ನಗೆಯಲ್ಲಿ ಒಂದು ಒಪ್ಪಿಗೆಯೂ ಇದೆ: ನನ್ನ ದೇಹದ ಬಗ್ಗೆ ಬರೆದದ್ದು ನನಗಾಗಿ ಬರೆದದ್ದಲ್ಲ ಎಂಬ ಒಪ್ಪಿಗೆ.

*

ಮುಚ್ಚಿಡುವುದರ ಪರವಾಗಿ ಇರುವ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಅದು ವೈದ್ಯರ ಅಹಂಕಾರ ಮಾತ್ರ ಆಗಿದ್ದರೆ ಇಷ್ಟು ಕಾಲ ಬಾಳುತ್ತಿರಲಿಲ್ಲ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ವಿಧಿಸುವ ಕಟ್ಟಳೆಗಳಿವೆ. ಅವುಗಳಲ್ಲಿ ಒಂದು, ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಹೇಳಬಾರದು ಎಂಬುದು. ಇನ್ನೊಂದು, ರೋಗಿಯ ಆಯುಷ್ಯ ಮುಗಿಯುತ್ತಿದೆ ಎಂದು ತಿಳಿದರೂ, ಹೇಳುವುದರಿಂದ ರೋಗಿಗೋ ಬೇರೆಯವರಿಗೋ ಪೆಟ್ಟಾಗುವ ಕಡೆ ಅದನ್ನು ಹೇಳಬಾರದು ಎಂಬುದು. ಗ್ರೀಕರ ಹಿಪೊಕ್ರೆಟಿಸ್ ಪರಂಪರೆಯ ಬರಹಗಳಲ್ಲೂ ರೋಗಿಯ ಮುಂದೆ ಬಹಳಷ್ಟನ್ನು ಮುಚ್ಚಿಡು ಎಂಬ ಬುದ್ಧಿಮಾತಿದೆ. ಸುದ್ದಿಯೇ ಒಂದು ಪೆಟ್ಟಾಗಬಹುದು ಎಂಬುದು ಇವರೆಲ್ಲ ಕಂಡುಕೊಂಡ ಸತ್ಯ. ಅದು ಸುಳ್ಳಲ್ಲ.

1961ರಲ್ಲಿ ಶಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು, ಕ್ಯಾನ್ಸರ್ ಇದೆಯೆಂದು ರೋಗಿಗೆ ಹೇಳುತ್ತೀರಾ ಎಂದು ಕೇಳಿದಾಗ, ಸುಮಾರು ನೂರಕ್ಕೆ 90 ಮಂದಿ ಸಾಮಾನ್ಯವಾಗಿ ಹೇಳುವುದಿಲ್ಲ ಎಂದಿದ್ದರು. 1979ರಲ್ಲಿ ಅದೇ ಬಗೆಯ ಪ್ರಶ್ನೆಯನ್ನು ಅಮೆರಿಕದ ಇನ್ನೊಂದು ಆಸ್ಪತ್ರೆಯಲ್ಲಿ ಕೇಳಿದಾಗ ನೂರಕ್ಕೆ 97 ಮಂದಿ ಹೇಳುತ್ತೇವೆ ಎಂದರು. ಹದಿನೆಂಟು ವರ್ಷದಲ್ಲಿ ಮನುಷ್ಯನ ಎದೆ ಗಟ್ಟಿಯಾಗಿಬಿಡಲಿಲ್ಲ. ಚಿಕಿತ್ಸೆ ಸುಧಾರಿಸಿತ್ತು, ಕ್ಯಾನ್ಸರ್ ಎಂದರೆ ಸಾವು ಎಂಬ ಸಮೀಕರಣ ಸಡಿಲಾಗಿತ್ತು, ರೋಗಿಯ ಒಪ್ಪಿಗೆಯ ಬಗ್ಗೆ ನ್ಯಾಯಾಲಯಗಳು ಮಾತಾಡತೊಡಗಿದ್ದವು. 'ಹೇಳಿದರೆ ರೋಗಿ ಕುಸಿಯುತ್ತಾನೆ' ಎಂಬುದು ಅನುಭವದ ಮಾತಿಗಿಂತ ಹೆಚ್ಚಾಗಿ ಅಭ್ಯಾಸದ ಮಾತಾಗಿತ್ತು. ಹೇಳಿ ನೋಡಿದವರೇ ಕಡಿಮೆ.

ಮುಂದಿನ ಹೆಜ್ಜೆ ಫೈಲನ್ನೇ ರೋಗಿಯ ಕೈಗೆ ಕೊಡುವುದು. 1973ರಲ್ಲೇ ಇಬ್ಬರು ಅಮೆರಿಕನ್ನರು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಸೂಚಿಸಿದ್ದರು. ದೊಡ್ಡ ಪ್ರಮಾಣದಲ್ಲಿ ಪ್ರಯೋಗ ಆದದ್ದು 2010ರಲ್ಲಿ. 'ಓಪನ್‌ನೋಟ್ಸ್' ಎಂಬ ಹೆಸರಿನಲ್ಲಿ ಬಾಸ್ಟನ್, ಪೆನ್ಸಿಲ್ವೇನಿಯ ಮತ್ತು ಸಿಯಾಟಲ್‌ನ ನೂರಕ್ಕೂ ಹೆಚ್ಚು ವೈದ್ಯರು ತಾವು ಬರೆದ ಟಿಪ್ಪಣಿಗಳನ್ನು ಆನ್‌ಲೈನಿನಲ್ಲಿ ರೋಗಿಗಳಿಗೆ ತೆರೆದಿಟ್ಟರು. ರೋಗಿಗಳು ಗಾಬರಿಯಾಗುತ್ತಾರೆ, ದಿನವಿಡೀ ಫೋನು ಮಾಡುತ್ತಾರೆ ಎಂಬ ಹೆದರಿಕೆಯಿತ್ತು. ಒಂದು ವರ್ಷದ ಕೊನೆಗೆ, ಉತ್ತರಿಸಿದ ರೋಗಿಗಳಲ್ಲಿ ನೂರಕ್ಕೆ 99 ಮಂದಿ ಇದು ಮುಂದುವರಿಯಲಿ ಎಂದರು. ನಿಲ್ಲಿಸುವ ಅವಕಾಶವಿದ್ದರೂ ಯಾವ ವೈದ್ಯರೂ ನಿಲ್ಲಿಸಲಿಲ್ಲ.

ಸಾಹಿತ್ಯ ಓದುವ ನಮಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ಇನ್ನೊಂದು ಸಂಗತಿ. ರೋಗಿ ಓದುತ್ತಾನೆ ಎಂದು ಗೊತ್ತಾದ ಮೇಲೆ ಕೆಲವು ವೈದ್ಯರು ಬರೆಯುವ ರೀತಿಯೇ ಬದಲಾಯಿತು. ವೈದ್ಯಕೀಯ ಇಂಗ್ಲಿಷಿನಲ್ಲಿ ಉಸಿರಾಟದ ತೊಂದರೆಗೆ ಇರುವ ಸಂಕ್ಷೇಪ 'ಎಸ್‌ಒಬಿ'. ಬೀದಿಯ ಇಂಗ್ಲಿಷಿನಲ್ಲಿ ಅದು ಬೈಗುಳ. ಅದು ಸಣ್ಣ ತಮಾಷೆ. ತಮಾಷೆಯಲ್ಲದವೂ ಇವೆ. ರೋಗಿ ಕುಡಿಯುವುದಿಲ್ಲ ಎಂದರೆ 'ಕುಡಿತವನ್ನು ನಿರಾಕರಿಸುತ್ತಾನೆ' ಎಂದು ಬರೆಯುವ ರೂಢಿಯಿದೆ, ಪೊಲೀಸ್ ಠಾಣೆಯ ಹೇಳಿಕೆಯಂತೆ. ಮಾತ್ರೆ ಕೊಳ್ಳಲು ದುಡ್ಡಿಲ್ಲದೆ ಬಿಟ್ಟವಳ ಬಗ್ಗೆ 'ಸಲಹೆ ಪಾಲಿಸುವುದಿಲ್ಲ' ಎಂದು ಬರೆದಿರುತ್ತದೆ. ಯಾರ ಬಗ್ಗೆ ಬರೆಯುತ್ತೇವೋ ಅವರು ಹೆಗಲ ಮೇಲಿಂದ ಇಣುಕುತ್ತಿದ್ದಾರೆ ಎಂದುಕೊಂಡು ಬರೆಯುವುದಕ್ಕೂ ಇಲ್ಲವೆಂದುಕೊಂಡು ಬರೆಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಅವರು ಮನುಷ್ಯರಾಗಿರುತ್ತಾರೆ, ಎರಡನೆಯದರಲ್ಲಿ ಪ್ರಕರಣ.

ತಪ್ಪುಗಳ ಮಾತೂ ಇದೆ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ, ತಮ್ಮ ಟಿಪ್ಪಣಿ ಓದಿದ ರೋಗಿಗಳಲ್ಲಿ ಐವರಲ್ಲಿ ಒಬ್ಬರು ಅದರಲ್ಲಿ ತಪ್ಪು ಕಂಡೆವೆಂದರು. ಹಾಗೆಂದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಅದು ಗಂಭೀರ ತಪ್ಪು ಎಂದರು. ಆ ತಪ್ಪುಗಳನ್ನು ಬೇರೆ ಯಾರು ಹಿಡಿಯಬಹುದಿತ್ತು?

*

ಇಲ್ಲಿಗೆ ವಾದ ಮುಗಿಯಿತು ಎನ್ನುವಂತಿಲ್ಲ. 2021ರ ಏಪ್ರಿಲ್ 5ರಿಂದ ಅಮೆರಿಕದಲ್ಲಿ ಬಹುಪಾಲು ಪರೀಕ್ಷಾ ವರದಿಗಳನ್ನು ತಡಮಾಡದೆ ರೋಗಿಗೆ ತೆರೆಯಬೇಕೆಂಬ ನಿಯಮ ಬಂತು. ವೈದ್ಯರು ನೋಡುವ ಮೊದಲೇ ರೋಗಿ ನೋಡುವ ಸಾಧ್ಯತೆ ಹುಟ್ಟಿತು. ಶುಕ್ರವಾರ ರಾತ್ರಿ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ತನಗೆ ಕ್ಯಾನ್ಸರ್ ಎಂದು ಓದಿ, ಸೋಮವಾರದವರೆಗೆ ಯಾರನ್ನೂ ಕೇಳಲಾಗದೆ ಕೂರುವುದು ಯಾವ ಬಗೆಯ ಹಕ್ಕು ಎಂದು ಅನೇಕ ವೈದ್ಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೇಳುವುದು ಒಂದು ಕೆಲಸ. ಪಕ್ಕದಲ್ಲಿ ಕೂರುವುದು, ನಿಲ್ಲಿಸಿ ನಿಲ್ಲಿಸಿ ಮಾತಾಡುವುದು, ಮುಂದೇನು ಎನ್ನುವುದು ಅದರ ಭಾಗ. ಲಿಂಕ್ ಕಳಿಸಿದರೆ ಆ ಕೆಲಸ ಆದಂತಾಗುವುದಿಲ್ಲ.

ಆದರೂ 2023ರಲ್ಲಿ ಅಲ್ಲಿನ ನಾಲ್ಕು ವೈದ್ಯಕೀಯ ಕೇಂದ್ರಗಳಲ್ಲಿ, ಹೀಗೆ ವರದಿ ನೋಡಿದ ಎಂಟು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ ಪ್ರಕಟವಾದಾಗ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಮುಂದೆಯೂ ತಕ್ಷಣವೇ ಬೇಕು ಎಂದರು. ಕೆಟ್ಟ ಫಲಿತಾಂಶ ಬಂದವರಲ್ಲೂ ಬಹುತೇಕರ ಉತ್ತರ ಇದೇ. ಅವರಲ್ಲಿ ಚಿಂತೆ ಹೆಚ್ಚಾದವರಿದ್ದರು. ಚಿಂತೆ ಹೆಚ್ಚಾದರೂ ಸರಿ, ಬೇಕು.

ಹಾಗಾದರೆ ಬೇಡ ಎನ್ನುವವರು? ತಿಳಿಯದಿರುವ ಹಕ್ಕೂ ಒಂದು ಹಕ್ಕೇ. "ನನಗೆ ಹೇಳಬೇಡಿ, ಮಗನಿಗೆ ಹೇಳಿ, ನೀವು ಮಾಡುವುದು ಮಾಡಿ" ಎನ್ನುವ ಹಿರಿಯರನ್ನು ನಾನು ಕಂಡಿದ್ದೇನೆ. ಅದನ್ನು ಅಜ್ಞಾನ ಎನ್ನುವುದು ಉದ್ಧಟತನ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಾಗಿಲು ತೆರೆದಿದ್ದರೆ ಬೇಡವಾದವರು ಒಳಗೆ ಹೋಗದೆ ಇರಬಹುದು. ಬಾಗಿಲಿಗೆ ಬೀಗ ಹಾಕಿದ್ದರೆ ಬೇಕಾದವರು ಏನೂ ಮಾಡುವಂತಿಲ್ಲ, ಬಾಗಿಲಿರುವುದೇ ಅವರಿಗೆ ಗೊತ್ತಿರದಿದ್ದರೆ ಬೇಡ ಎನ್ನಲೂ ಆಗುವುದಿಲ್ಲ. ತಿಳಿಯದಿರುವ ಹಕ್ಕನ್ನು ಆ ವ್ಯಕ್ತಿಯೇ ಚಲಾಯಿಸಬೇಕು. ಅವರ ಪರವಾಗಿ ಮಗ ಚಲಾಯಿಸಿದರೆ ಅದಕ್ಕೆ ಬೇರೆ ಹೆಸರಿದೆ.

ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದರ ಹತ್ತಿರದ ಒಂದು ಮಾತು ಹೇಳಿತು. ಪರೀಕ್ಷೆಗೆಂದು ಅರಿವಳಿಕೆ ಪಡೆದು ಮಲಗಿದ್ದ ವಯಸ್ಕ ಹೆಂಗಸಿನ ಗರ್ಭಕೋಶವನ್ನು, ಹೊರಗೆ ಕಾಯುತ್ತಿದ್ದ ಅವಳ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಾಗ, ಅವಳು ಎಚ್ಚರವಾಗುವವರೆಗೆ ಕಾಯಬಹುದಾಗಿದ್ದಾಗ, ತಾಯಿಯ ಒಪ್ಪಿಗೆ ಒಪ್ಪಿಗೆಯಲ್ಲ ಎಂದಿತು ನ್ಯಾಯಾಲಯ. ತಾಯಿ ಮಗಳ ಪರವಾಗಿ ಒಪ್ಪುವಂತಿಲ್ಲವಾದರೆ ಮಗ ತಾಯಿಯ ಪರವಾಗಿ ಮುಚ್ಚಿಡಬಹುದೇ?

ಈಗ ಡಿಜಿಟಲ್ ದಾಖಲೆಯ ಕಾಲ. 2021ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಆರಂಭವಾಯಿತು. 14 ಅಂಕಿಯ ಆಭಾ ಸಂಖ್ಯೆಯಡಿ ಒಬ್ಬರ ದಾಖಲೆಗಳು ಒಂದೆಡೆ ಸಿಗುವ ಏರ್ಪಾಡು. ರೋಗಿಯ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ತೆರೆಯಕೂಡದು ಎಂಬುದು ಅದರ ತತ್ವ. ಪ್ಲಾಸ್ಟಿಕ್ ಕವರು ಕಳೆದರೆ ಚರಿತ್ರೆಯೇ ಕಳೆದಂತಾಗುವ ದೇಶದಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಒಪ್ಪಿಗೆ ಬರುವುದು ಓಟಿಪಿಯ ರೂಪದಲ್ಲಿ, ಓಟಿಪಿ ಬರುವುದು ಮೊಬೈಲಿಗೆ, ಮೊಬೈಲು ಇರುವುದು ಮಗನ ಕೈಯಲ್ಲಿ ಅಥವಾ ಗಂಡನ ಜೇಬಿನಲ್ಲಿ. ಪ್ಲಾಸ್ಟಿಕ್ ಕವರನ್ನು ಹೆಂಗಸೊಬ್ಬಳು ಸೀರೆಯ ಮಡಿಕೆಯಡಿ ಇಡಬಹುದಿತ್ತು. ಗಂಡನ ಫೋನಿನೊಳಗೆ ಏನನ್ನು ಎಲ್ಲಿಡುವುದು? ಎಸ್ತೋನಿಯಾ ದೇಶದಲ್ಲಿ ತನ್ನ ದಾಖಲೆಯನ್ನು ಯಾರು ಯಾವಾಗ ತೆರೆದು ನೋಡಿದರು ಎಂಬುದನ್ನು ಪ್ರಜೆಯೇ ನೋಡಬಹುದು. ಅಂಥ ಪಟ್ಟಿ ಅಮ್ಮನ ಮುಂದೆ ಬಂದಿದ್ದರೂ ಅದು ನನ್ನನ್ನು ಹಿಡಿಯುತ್ತಿರಲಿಲ್ಲ. ಅವಳ ಹೆಸರಿನಲ್ಲಿ ತೆರೆದವನು ನಾನೇ.

*

ಆ ವರದಿಯ ನಂತರ ಹನ್ನೆರಡು ದಿನಕ್ಕೆ ಆಪರೇಷನ್ ಆಯಿತು. "ತಾಯಿಯವರಿಗೆ ಹೇಳಿದ್ದೀರಾ?" ಎಂದು ವೈದ್ಯರು ಕೇಳಿದ್ದರು. ಹೇಳಿದ್ದೇನೆ ಸರ್ ಎಂದಿದ್ದೆ. ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರಕ್ಕೆ ಅಮ್ಮ ಕನ್ನಡದಲ್ಲಿ ಸಹಿ ಹಾಕಿದಳು. ಏನು ಬರೆದಿದೆ ಎಂದು ಅವಳಿಗೆ ವಿವರಿಸಿದವನೂ ನಾನೇ.

ಕಿಮೋಥೆರಪಿಯ ಮೊದಲ ದಿನ ಪಕ್ಕದ ಹಾಸಿಗೆಯ ಹೆಂಗಸು ಅಮ್ಮನನ್ನು ಮಾತಿಗೆಳೆದು, "ನಿಮಗೆ ಎಲ್ಲಮ್ಮ ಕ್ಯಾನ್ಸರು?" ಎಂದು ಕೇಳಿದರಂತೆ. ನಾನು ಕ್ಯಾಂಟೀನಿನಲ್ಲಿದ್ದೆ. ಮರಳಿ ಬಂದಾಗ ಅಮ್ಮ ಏನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ, ಎರಡು ದಿನ ಬಿಟ್ಟು, "ನಿಂಗೆ ಯಾವಾಗ ಗೊತ್ತಾಯ್ತು?" ಎಂದಳು. ಹೇಳಿದೆ. ಅಳಲಿಲ್ಲ, ಬೈಯಲಿಲ್ಲ. "ಆಗ್ಲೇ ಹೇಳಿದ್ರೆ ಒಂದ್ಸಲ ಅಕ್ಕನ ಮನೆಗೆ ಹೋಗ್ಬರ್ತಿದ್ದೆ ಕಣೋ" ಎಂದಳು.

ದೊಡ್ಡಮ್ಮನ ಮನೆ ಕೊಪ್ಪದ ಹತ್ತಿರ. ಆ ಹನ್ನೆರಡು ದಿನ ಅಮ್ಮ ಗಟ್ಟಿಯಾಗಿಯೇ ಇದ್ದಳು. ರಾತ್ರಿ ಬಸ್ಸು ಹತ್ತಿದ್ದರೆ ಬೆಳಿಗ್ಗೆ ಅಲ್ಲಿರುತ್ತಿದ್ದಳು. ಆಮೇಲೆ ಹತ್ತು ತಿಂಗಳು ಹೋಗಲಾಗಲಿಲ್ಲ.

ನಾನು ಹಾಕಿದ ಲೆಕ್ಕದಲ್ಲಿ ಈ ಬಾಬತ್ತೇ ಇರಲಿಲ್ಲ. ಹೇಳಿದರೆ ಕುಗ್ಗುತ್ತಾಳೆ, ಹೇಳದಿದ್ದರೆ ನೆಮ್ಮದಿಯಾಗಿರುತ್ತಾಳೆ, ಚಿಕಿತ್ಸೆ ಹೇಗಿದ್ದರೂ ಒಂದೇ ಎಂಬುದಷ್ಟೇ ಲೆಕ್ಕ. ವೈದ್ಯರ ಲೆಕ್ಕವೂ ಬಹುಮಟ್ಟಿಗೆ ಹೀಗೇ ಇರುತ್ತದೆ: ತಿಳಿದರೆ ರೋಗಕ್ಕೆ ಒಳಿತೋ ಕೆಡುಕೋ. ಮನುಷ್ಯರು ತಿಳಿಯಬಯಸುವುದು ರೋಗದ ಸಲುವಾಗಿ ಮಾತ್ರವಲ್ಲ. ಯಾರನ್ನು ನೋಡಬೇಕು, ಯಾವ ಸಾಲ ತೀರಿಸಬೇಕು, ಯಾವ ಮಾತು ಆಡಬೇಕು, ಯಾವ ಕೆಲಸ ಮುಂದೂಡಬಾರದು ಎಂಬುದು ಆ ಒಂದು ಪದದ ಮೇಲೆ ನಿಂತಿರುತ್ತದೆ. ಆ ಪಟ್ಟಿ ರೋಗಿಯೊಬ್ಬಳಿಗೇ ಗೊತ್ತು. ಆದ್ದರಿಂದಲೇ, ಎಷ್ಟೇ ಪ್ರೀತಿಯಿದ್ದರೂ, ಆ ಲೆಕ್ಕವನ್ನು ಇನ್ನೊಬ್ಬರು ಹಾಕಲು ಬರುವುದಿಲ್ಲ.

ಹಾಗಾಗಿ ನನ್ನ ನಿಲುವು ಇದು. ದಾಖಲೆ ರೋಗಿಯದು, ಮೊದಲ ಓದು ಅವರ ಹಕ್ಕು. ಆ ಓದಿಗೆ ಜೊತೆ ಬೇಕು, ಅವರ ಭಾಷೆ ಬೇಕು, ಪಕ್ಕದಲ್ಲಿ ಒಬ್ಬ ವೈದ್ಯರು ಬೇಕು. ಇವೆಲ್ಲ ಇಲ್ಲವೆನ್ನುವುದು ಮುಚ್ಚಿಡಲು ನೆಪವಾಗಕೂಡದು. ಪರೀಕ್ಷೆಗೆ ಕಳಿಸುವ ದಿನವೇ, ಫಲಿತಾಂಶ ಇನ್ನೂ ಯಾರಿಗೂ ಗೊತ್ತಿಲ್ಲದಾಗ, ರೋಗಿಯನ್ನು ಒಂದು ಪ್ರಶ್ನೆ ಕೇಳಬಹುದು: ಫಲಿತಾಂಶ ಬಂದಾಗ ನಿಮಗೆ ಹೇಗೆ ತಿಳಿಯಬೇಕು, ಯಾರು ಜೊತೆಗಿರಬೇಕು, ಯಾರಿಗೆ ತಿಳಿಯಬಾರದು? ಇದಕ್ಕೆ ಯಾವ ತಂತ್ರಜ್ಞಾನವೂ ಬೇಡ. ನೋಂದಣಿ ಕೌಂಟರಿನಲ್ಲಿ ಮೊಬೈಲ್ ಸಂಖ್ಯೆ ಕೇಳಿದಾಗ ನಾನೇ ಅಮ್ಮನ ಕಡೆ ತಿರುಗಿ ಕೇಳಬಹುದಿತ್ತು.

*

ಈಗ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ಎಸ್ಸೆಮ್ಮೆಸ್ ಅಮ್ಮನ ಬಟನ್ ಫೋನಿಗೆ ಬರುತ್ತದೆ. ಅವಳು ಕರೆದರೆ ನಾನು ಲಿಂಕ್ ತೆರೆದು, ಮೇಲಿನಿಂದ ಕೆಳಗೆ, ಒಂದು ಪದವೂ ಬಿಡದೆ ಕನ್ನಡದಲ್ಲಿ ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ಮೊದಲ ಸಲ ಹೀಗೆ ಪೂರ್ತಿ ಓದಿದಾಗ 'ಔಷಧಿಯ ಅಲರ್ಜಿ: ಇಲ್ಲ' ಎಂಬಲ್ಲಿ ಅಮ್ಮ ತಡೆದಳು. "ಯಾರ್ ಹೇಳಿದ್ದು ಇಲ್ಲ ಅಂತ? ಸಲ್ಫಾ ಮಾತ್ರೆ ತಗೊಂಡು ಮೈಯೆಲ್ಲ ದದ್ದು ಎದ್ದಿತ್ತಲ್ಲ, ನೀನು ಹುಟ್ಟೋಕ್ ಮುಂಚೆ." ಮುಂದಿನ ಸಲ ಹೋದಾಗ ವೈದ್ಯರು ಅದನ್ನು ತಿದ್ದಿಕೊಂಡರು.

ಆ 'ಎ1' ಬಗ್ಗೆಯೂ ಹೇಳಿದೆ. ಓದಿಬಿಟ್ಟಿದ್ದೇನೆ ಎಂದು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. "ಅದನ್ನೂ ಬರ್ಕೊಂಡಿದ್ರಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಎರಡು ಮಾತು ಹೇಳಿದಳು. ಅವು ಇಲ್ಲಿಗೆ ಬೇಕಿಲ್ಲ.

ಇದನ್ನು ಬರೆಯಲೇ ಎಂದು ಕೇಳಿದಾಗ, "ಬರಿ, ಹೆಸರು ಹಾಕ್ಬೇಡ. ಕಳ್ಸೋಕ್ ಮುಂಚೆ ನಂಗೆ ಓದು" ಎಂದಳು. ನಿನ್ನೆ ರಾತ್ರಿ ಪೂರ್ತಿ ಓದಿದೆ. ದೊಡ್ಡಮ್ಮನ ಮನೆಯ ಮುಂದಿನದು ಹಲಸಿನ ಮರ ಎಂದು ಬರೆದಿದ್ದೆ. ಅದು ಹೆಬ್ಬಲಸು, ಹಲಸಲ್ಲ ಎಂದಳು. ಇನ್ನೊಂದು ವಾಕ್ಯವನ್ನು ತೆಗೆ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ತೆಗೆದಿದ್ದೇನೆ.